ಎರಡು ಸೀಟಿನ ಕಾರು

ಕಾಯೊಳ ಕಾರಿಗೆ ಇರುವುದು ಎರಡೇ ಸೀಟು. ಕಮಿಶಿರಾ ಊರಿನವರಿಗೆ ಅವಳನ್ನು ಆಡಿಕೊಳ್ಳಲು ಇಷ್ಟು ಸಾಕಾಗಿತ್ತು. ಗಂಡನ ಮನೆ ಬಿಟ್ಟ ದಿನ ಅವಳು ಮಗಳನ್ನು ಬಿಟ್ಟು ಕಾರನ್ನು ಕರೆದುಕೊಂಡು ಹೋದಳು ಎಂಬುದು ಊರಿನವರ ಮಾತು. ಮಗುವನ್ನು ಕೊಡುವುದಿಲ್ಲ ಎಂದು ಗಂಡನ ಮನೆಯವರು ಬಾಗಿಲಿಗೆ ಅಡ್ಡ ನಿಂತದ್ದಾಗಲಿ, ನ್ಯಾಯಾಲಯವೂ ಅವರ ಕಡೆಗೇ ತಲೆಯಾಡಿಸಿದ್ದಾಗಲಿ ಊರಿಗೆ ನೆನಪಿಲ್ಲ. ಕೆಂಪು ಕಾರು ಮಾತ್ರ ನೆನಪಿದೆ. ಊರ ಬಾಯಿಗೆ ಬೇಕಾದದ್ದಷ್ಟೇ ಊರಿಗೆ ನೆನಪಿರುತ್ತದೆ, ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಕಾರೂ ಅಂಥದ್ದೇ. ಹಳೆಯ ಕಾಲದ್ದು, ನೆಲಕ್ಕೆ ಅಂಟಿಕೊಂಡಂತೆ ಓಡುವಂಥದ್ದು, ಹಿಂದಿನ ಎರಡು ಗಾಲಿಗಳು ಮಾತ್ರ ತಳ್ಳುವಂಥದ್ದು. ಹೊಕ್ಕೈದೊ ಸೀಮೆಯಲ್ಲಿ ನವೆಂಬರ್ ಹುಟ್ಟಿತೆಂದರೆ ಬುದ್ಧಿ ನೆಟ್ಟಗಿರುವ ಯಾರೂ ಇಂಥ ಕಾರನ್ನು ಹೊರಗೆ ತೆಗೆಯುವುದಿಲ್ಲ. ನಾಲ್ಕು ಗಾಲಿಯೂ ಎಳೆಯುವ ಎತ್ತರದ ಗಾಡಿಯಲ್ಲಿ ಬೆಚ್ಚಗೆ ಕೂತು ಹೋಗುತ್ತಾರೆ. ಕಾಯೊ ಮಾತ್ರ ಡಿಕ್ಕಿಯಲ್ಲಿ ಎರಡು ಮರಳಿನ ಚೀಲ ಹೇರಿಕೊಂಡು, ಹಿಮದ ಟೈರು ಹಾಕಿಕೊಂಡು, ಏಪ್ರಿಲ್‌ವರೆಗೂ ಅದರಲ್ಲೇ ತಿರುಗುತ್ತಿದ್ದಳು. ಕೆಲಸಕ್ಕಿದ್ದದ್ದು ಟೈರಿನ ಅಂಗಡಿಯಲ್ಲಿ. ವಯಸ್ಸಿದ್ದಾಗ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆಯುವ ಓಟದಲ್ಲಿ ಇದೇ ಕಾರಿನಲ್ಲಿ ಗಂಡಸರ ಮೂಗಿಗೆ ಹಿಮ ಎರಚಿ ಕಪ್ ಗೆದ್ದವಳು. ಆ ಜಂಬ ಇನ್ನೂ ಇಳಿದಿರಲಿಲ್ಲ.

ಮಗಳು ಶಿಹೊಳಿಗೆ ಈಗ ಹದಿನೆಂಟು. ಘಾಟಿಯಾಚೆಯ ಮೆಗುರಾ ಪಟ್ಟಣದ ನರ್ಸಿಂಗ್ ಶಾಲೆಗೆ ಪ್ರವೇಶ ಪರೀಕ್ಷೆ ಬರೆಯುವವಳಿದ್ದಳು. ಅದು ವರ್ಷಕ್ಕೊಂದೇ ಸಲ. ಪರೀಕ್ಷೆಯ ದಿನ ಕಾಯೊಗೆ ಗೊತ್ತಿತ್ತು. ಮಗಳು ಹೇಳಿದ್ದಲ್ಲ, ಅಂಗಡಿಗೆ ಬಂದ ಗಿರಾಕಿಯೊಬ್ಬರ ಬಾಯಿಂದ ಕೇಳಿದ್ದು. ಆ ದಿನ ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಯ ಅರ್ಧಕ್ಕೆ ಹಿಮ ಬಂದು ಕೂತಿತ್ತು. ರೈಲು ನಿಂತಿರುತ್ತದೆ ಎಂದು ಅವಳಿಗೆ ಖಾತ್ರಿಯಾಯಿತು. ಚಹಾ ಕೂಡ ಕುಡಿಯದೆ ಕಾರು ತೆಗೆದಳು.

ಸ್ಟೇಷನ್ನಿನ ಕಾಯುವ ಕೋಣೆಯಲ್ಲಿ ಸೀಮೆಎಣ್ಣೆಯ ಒಲೆ ಉರಿಯುತ್ತಿತ್ತು. ಒಲೆಯ ಸುತ್ತ ಪರೀಕ್ಷೆಗೆ ಹೊರಟ ಇನ್ನೂ ಕೆಲವು ಮಕ್ಕಳು, ಅವರ ಅಮ್ಮಂದಿರು. ಮೂಲೆಯ ಬೆಂಚಿನಲ್ಲಿ ಶಿಹೊ ಚೀಲ ಅಪ್ಪಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮಿಚಿರು. ಕಾಯೊ ಬಿಟ್ಟುಹೋದ ಮನೆಗೆ ಎರಡನೆಯವಳಾಗಿ ಬಂದವಳು ಅವಳೇ. ಯಜಮಾನ ಮನೆಯ ದೊಡ್ಡ ಗಾಡಿ ತೆಗೆದುಕೊಂಡು ಕೆಲಸದ ಮೇಲೆ ದೂರದೂರಿಗೆ ಹೋದವನು ಅಲ್ಲೇ ಹಿಮದಲ್ಲಿ ಸಿಕ್ಕಿಬಿದ್ದಿದ್ದ.

"ಏನಿದು, ಎಲ್ಲರೂ ಮೊಟ್ಟೆಗೆ ಕಾವು ಕೊಡ್ತಾ ಕೂತಂಗಿದೆ?" ಎನ್ನುತ್ತಲೇ ಕಾಯೊ ಒಳಗೆ ಬಂದಳು.

"ಓಹೋ, ಅಕ್ಕಾವ್ರು! ಯಾರು ಕರೆದ್ರೋ ಕಾಣೆ," ಎಂದಳು ಮಿಚಿರು. ಅವಳು ಕಾಯೊಳನ್ನು ಯಾವಾಗಲೂ ಅಕ್ಕ ಎಂದೇ ಕರೆಯುವುದು, ಹಲ್ಲಿನ ಸಂದಿಯಿಂದ.

"ನನ್ನ ಮಗಳ ಪರೀಕ್ಷೆಗೆ ಬರೋಕೆ ನನಗೆ ಯಾರ ಆಮಂತ್ರಣಾನೂ ಬೇಡ."

"ಮಗಳು! ಕೇಳೋಕೆ ಎಷ್ಟು ಚೆನ್ನಾಗಿದೆ. ಡಬ್ಬಿಗೆ ಅನ್ನ ತುಂಬೋಳು ನಾನು. ಜ್ವರ ಬಂದ್ರೆ ರಾತ್ರಿಯೆಲ್ಲ ಕೂತ್ಕೊಳ್ಳೋಳು ನಾನು. ಮಗಳು ಮಾತ್ರ ನಿಮ್ಮೋಳು."

ಒಲೆಯ ಸುತ್ತಿದ್ದ ಅಮ್ಮಂದಿರು ಒಲೆಯನ್ನೇ ನೋಡತೊಡಗಿದರು. ಆದರೆ ಕಿವಿ ಎಲ್ಲರದ್ದೂ ಈ ಕಡೆಗೇ ಇತ್ತು.

"ಜಗಳಕ್ಕೆ ನಾಳೆ ಬರ್ತೀನಿ, ಬೇಕಾದಷ್ಟು ಆಡು," ಎಂದಳು ಕಾಯೊ. "ಈಗ ಏಳ್ಸು ಅವಳನ್ನ. ಕಾರಲ್ಲಿ ಕರ್ಕೊಂಡ್ ಹೋಗ್ತೀನಿ."

"ಆ ಆಟದ ಸಾಮಾನಿನಲ್ಲಾ? ಈ ಹಿಮದಲ್ಲಾ?" ಮಿಚಿರು ಶಾಲೆಯವರು ಕಳಿಸಿದ್ದ ಸೂಚನೆಯ ಹಾಳೆಯನ್ನು ಮೊಣಕಾಲ ಮೇಲೆ ಬಿಡಿಸಿದಳು. "ಓದೋಕೆ ಬರುತ್ತಲ್ವಾ ಅಕ್ಕ? ರೈಲು ತಡ ಆದ್ರೆ, ಇಳಿದ ಸ್ಟೇಷನ್ನಲ್ಲಿ ತಡ ಆಯ್ತು ಅಂತ ಚೀಟಿ ಕೊಡ್ತಾರೆ. ಆ ಚೀಟಿ ತಂದವರನ್ನ ಬೇರೆ ಕೋಣೇಲಿ ಕೂರಿಸಿ, ಎಷ್ಟೇ ಹೊತ್ತಾಗಿದ್ರೂ ಬರೆಸ್ತಾರೆ. ಸ್ವಂತ ಗಾಡೀಲಿ ಬಂದು ಒಂದು ನಿಮಿಷ ತಡ ಆದ್ರೂ ಗೇಟು ತೆಗೆಯಲ್ಲ. ಅಚ್ಚು ಹಾಕಿದಾರೆ, ನೋಡಿ. ಸುಮ್ನೆ ಇಲ್ಲಿ ಕೂತಿದ್ರೆ ಸಾಕು."

ಈ ದೇಶದಲ್ಲಿ ತಡದ ಚೀಟಿಗೆ ದೇವರ ಪ್ರಸಾದದಷ್ಟು ಬೆಲೆ. ರೈಲು ಐದು ನಿಮಿಷ ತಡವಾದರೂ ಜನ ಸಾಲಾಗಿ ನಿಂತು ಆ ಚೀಟಿ ಇಸಿದುಕೊಂಡು ಕಚೇರಿಗೆ ಹೋಗುತ್ತಾರೆ. ಕಾಯೊಗೆ ಅದೆಲ್ಲ ಗೊತ್ತಿಲ್ಲವೆಂದಲ್ಲ. ಆದರೆ ಮಿಚಿರು ಹೇಳಿದ್ದು ಸರಿಯಾಗಿರುವುದನ್ನು ಸಹಿಸುವ ಶಕ್ತಿ ಅವಳಿಗೆ ಇರಲಿಲ್ಲ.

"ರೈಲು ಬಂದ್ರೆ ತಾನೇ ಚೀಟಿ? ಬರ್ದೇ ಇದ್ರೆ?" ಎಂದು ಟಿಕೆಟ್ ಕಿಟಕಿಯ ಕಡೆ ತಿರುಗಿದಳು. "ಏನ್ ಸ್ವಾಮಿ, ಇವತ್ತು ರೈಲು ಬಿಡ್ತೀರಾ?"

ಕಿಟಕಿಯೊಳಗಿದ್ದವನು ಟೋಪಿ ತೆಗೆದು ತಲೆ ಬಾಗಿಸಿದ. "ಹಳಿ ಮೇಲಿನ ಹಿಮ ತೆಗೀತಿದಾರೆ. ಬಿಡ್ತೀವಿ ಅಂತಾನೂ ಹೇಳೋಕಾಗಲ್ಲ, ಬಿಡಲ್ಲ ಅಂತಾನೂ ಹೇಳೋಕಾಗಲ್ಲ. ಕ್ಷಮಿಸ್ಬೇಕು."

ಅಷ್ಟು ಕೇಳಿದ್ದೇ ತಡ, ಶಿಹೊ ಎದ್ದು ನಿಂತಳು. "ನಾನು ಕಾರಲ್ಲಿ ಹೋಗ್ತೀನಿ."

"ಶಿಹೊ, ಕೂತ್ಕೊ."

"ಇದು ಹೋದ್ರೆ ಇನ್ನೊಂದು ವರ್ಷ, ಮಿಚಿರು ಅವರೇ. ಇಲ್ಲಿ ಕೂತಿರೋಕೆ ನನ್ನ ಕೈಲಾಗಲ್ಲ." ಆಮೇಲೆ ಕಾಯೊಳ ಕಡೆ ತಿರುಗಿ, ಅವಳ ಬೂಟನ್ನು ನೋಡುತ್ತ, "ಗೇಟು ಹಾಕೋದ್ರೊಳಗೆ ತಲುಪಿಸ್ತೀರಾ?" ಎಂದು ಕೇಳಿದಳು.

ಹೆತ್ತ ತಾಯಿಗೆ ದಾರಿಹೋಕರಿಗೆ ಹೇಳುವ ಹಾಗೆ 'ನೀವು' ಎಂದಿದ್ದಳು. ಅದು ಕಾಯೊಗೆ ಚುಚ್ಚಿತು. ಆದರೂ ಒಳಗೊಳಗೇ ಸಂತೋಷವಾಯಿತು. ಸುಳ್ಳೇಕೆ ಹೇಳಬೇಕು, ಮಗಳಿಗೆ ಸಂಕಟ ಬಂದಿತಲ್ಲ ಎಂದೇ ಸಂತೋಷವಾಯಿತು. ಇಷ್ಟು ವರ್ಷಕ್ಕೆ ಒಮ್ಮೆ ಆ ಹುಡುಗಿ ಮಿಚಿರುಳನ್ನು ಬೆಂಚಿನ ಮೇಲೆ ಬಿಟ್ಟು ತನ್ನ ಕಡೆ ಬಂದಿದ್ದಳು.

"ಹಳ್ಳಕ್ಕೆ ಬಿದ್ರೆ ಫೋನ್ ಮಾಡಿ," ಎಂದಳು ಮಿಚಿರು ಹಿಂದಿನಿಂದ.

ಕಾರು ಊರಿನ ಕೊನೆಯ ಮನೆ ದಾಟಿತು. ಕಾಯೊ ಎರಡನೇ ಗೇರಿನಲ್ಲೇ ಕಾರನ್ನು ಎಬ್ಬಿಸಿ, ಆಕ್ಸಿಲರೇಟರನ್ನು ತುಳಿಯದೆ ಬರೀ ಸವರುತ್ತ ಹೊರಟಿದ್ದಳು. ಮುಂದಿನ ಗಾಲಿ ಎಳೆಯುವ ಕಾರು ಹಗ್ಗ ಹಿಡಿದು ಎಳೆದ ಕರುವಿನ ಹಾಗೆ, ಎಳೆದತ್ತ ಬರುತ್ತದೆ. ಇದು ಹಿಂದಿನಿಂದ ತಳ್ಳಿಸಿಕೊಳ್ಳುವ ಕರು. ತಳ್ಳುವುದು ಒಂದು ಗುಂಜಿ ಹೆಚ್ಚಾದರೂ ಗಿರಕ್ಕನೆ ತಿರುಗಿ ನಿಮ್ಮ ಮುಖವನ್ನೇ ನೋಡುತ್ತದೆ. ಬ್ರೇಕು ಅದಕ್ಕೆ ಇನ್ನೂ ಆಗದು. ಎಲ್ಲವನ್ನೂ ಪಾದದಲ್ಲಿ, ಕುಂಡಿಯಲ್ಲಿ, ಬೆರಳ ತುದಿಯಲ್ಲಿ ತಿಳಿದುಕೊಳ್ಳಬೇಕು.

"ಹೀಟರ್ ಇಷ್ಟೇನಾ?"

"ಇಷ್ಟೇ."

"ನೆಲದ ಮೇಲೆ ಕೂತಂಗಿದೆ. ಇದನ್ನ ಕಾರು ಅಂತಾರಾ?"

"ಇಷ್ಟ ಇಲ್ದೇ ಇದ್ರೆ ಇಳಿದು ನಡಿ."

"ಇಳಿಸೋದು ನಿಮಗೆ ಹೊಸದೇನಲ್ಲ."

ಕಾಯೊ ಸ್ಟಿಯರಿಂಗ್ ಮೇಲಿನ ಬೆರಳು ಬಿಗಿ ಮಾಡಿದಳು. ಬೆರಳು ಬಿಗಿಯಾದದ್ದೇ ಕಾರಿನ ಬಾಲ ಸ್ವಲ್ಪ ಆಡಿತು. ಕಾರಿಗೂ ಅವಳ ಹಾಗೆಯೇ, ಮಾತು ಬೇಗ ತಾಗುತ್ತದೆ.

"ಯಾರು ಹೇಳಿಕೊಟ್ಟಿದ್ದು ಇದನ್ನೆಲ್ಲ? ಆ ಮಿಚಿರುನಾ?"

"ಅವರು ನಿಮ್ಮ ಬಗ್ಗೆ ಒಂದು ಮಾತೂ ಆಡಲ್ಲ. ಅಜ್ಜಿ ಆಡ್ತಿದ್ಲು. ಅಪ್ಪ ಆಡ್ತಾರೆ. ಊರೆಲ್ಲ ಆಡುತ್ತೆ."

"ನಿನ್ನನ್ನ ಕೊಡಲ್ಲ ಅಂದ್ರು. ಬಾಗಿಲಲ್ಲಿ ನಿಂತು ಗಂಟಲು ಹರಿಯೋ ಹಾಗೆ ಕೂಗಿದೀನಿ ನಾನು. ಅದನ್ನ ಯಾರೂ ಆಡಲ್ವಾ?"

"ಕೂಗಿ? ಆಮೇಲೆ?" ಶಿಹೊ ಮೊದಲ ಸಲ ಅವಳ ಕಡೆ ತಿರುಗಿದಳು. "ಕಾರು ಸ್ಟಾರ್ಟ್ ಮಾಡಿದ್ರಿ. ಆ ಸದ್ದು ನನಗೆ ನೆನಪಿದೆ. ಬೇರೇನೂ ನೆನಪಿಲ್ಲ."

ಕಾಯೊಗೆ ಸಿಟ್ಟು ಬಂತು, ಗೇರನ್ನು ಬೇಕಾದ್ದಕ್ಕಿಂತ ಜೋರಾಗಿ ತಳ್ಳಿದಳು. ದಾರಿಯಲ್ಲಿ ಹಾರುವ ಹಿಮದ ಬಿಳಿಗತ್ತಲು ಕವಿಯತೊಡಗಿತ್ತು. ಎದುರಿಗೆ ರಸ್ತೆಯಿಲ್ಲ, ಆಕಾಶವಿಲ್ಲ. ರಸ್ತೆಯ ಅಂಚು ತೋರಿಸಲು ಕಂಬಗಳ ಮೇಲೆ ತೂಗಿಸಿದ ಕೆಂಪು ಬಿಳಿ ಬಾಣಗಳು ಮಾತ್ರ ಒಂದರ ಹಿಂದೊಂದು ತಲೆಯ ಮೇಲೆ ಹಾದುಹೋಗುತ್ತಿದ್ದವು. ಘಾಟಿಯ ಏರು ಶುರುವಾಗಿತ್ತು.

ಮೊದಲ ತಿರುವಿನಾಚೆ ಹಳದಿ ದೀಪ ಕಂಡಿತು. ಹಿಮ ತಳ್ಳುವ ದೊಡ್ಡ ಲಾರಿ, ಮುಂದಿನ ಅಲಗನ್ನು ರಸ್ತೆಗೆ ಊರಿಕೊಂಡು, ಆಳು ನಡೆಯುವ ವೇಗದಲ್ಲಿ ಹತ್ತುತ್ತಿತ್ತು. ಅದರ ಹಿಂದೆ ಸಿಕ್ಕವರು ಬಾಯಿ ಮುಚ್ಚಿಕೊಂಡು ಹಿಂದೆಯೇ ಹೋಗಬೇಕು. ಅದನ್ನು ದಾಟಬಾರದು ಎಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತಿರುವ ಮಾತು, ಯಾಕೆಂದರೆ ಅದರ ಮುಂದೆ ರಸ್ತೆಯೇ ಇರುವುದಿಲ್ಲ. ಕಾಯೊ ಕಾರನ್ನು ನಿಧಾನ ಮಾಡಿ ಅದರ ಹಿಂದೆ ಸೇರಿಕೊಂಡಳು.

ಶಿಹೊ ಕೈಗಡಿಯಾರ ನೋಡಿದಳು. ಮತ್ತೆ ನೋಡಿದಳು. "ಇದರ ಹಿಂದೆ ಹೋದ್ರೆ ಪರೀಕ್ಷೆ ಮುಗಿದ ಮೇಲೆ ತಲುಪ್ತೀವಿ."

"ಇದನ್ನ ದಾಟಬಾರದು."

"ಹೆದರಿಕೆನಾ?"

"ಬುದ್ಧಿ."

"ಸರೋವರದ ಮೇಲೆ ಕಪ್ ಗೆದ್ದೋರು ನೀವೇ ಅಲ್ವಾ? ಅಜ್ಜಿ ಹೇಳ್ತಿದ್ಲು, ಅವಳಿಗೆ ಹಿಂದೆ ಹಾಕೋದೊಂದು ಬಿಟ್ರೆ ಬೇರೇನೂ ಬರಲ್ಲ, ಹೆತ್ತ ಮಗಳನ್ನೂ ಹಿಂದೆ ಹಾಕಿ ಹೋದ್ಲು ಅಂತ. ನೋಡಿದ್ರೆ ಒಂದು ಲಾರೀನೂ ಹಿಂದೆ ಹಾಕೋಕಾಗ್ತಿಲ್ಲ."

ಹದಿನೆಂಟರ ನಾಲಿಗೆಗೆ ಮೂಳೆಯಿಲ್ಲ. ನಲವತ್ತೇಳರ ತಲೆಗಾದರೂ ಮಿದುಳು ಇರಬೇಕಿತ್ತು. ಮುಂದಿನ ತಿರುವಿನಲ್ಲಿ ಗಾಲಿಗೆ ಚೈನು ಕಟ್ಟಿಕೊಳ್ಳಲು ಲಾರಿಗಳು ನಿಲ್ಲುವ ಅಗಲದ ಜಾಗವಿತ್ತು. ಕಾಯೊ ಹಲ್ಲು ಕಚ್ಚಿ ಗೇರು ಇಳಿಸಿ, ಕಾರನ್ನು ಅಡ್ಡಡ್ಡ ಜಾರಿಸಿಕೊಂಡೇ ಲಾರಿಯ ಬಲಕ್ಕೆ ನುಗ್ಗಿಸಿದಳು. ಗಾಜಿನ ಮೇಲೆಲ್ಲ ಹಿಮ ರಾಚಿತು. ಲಾರಿಯ ಹಾರ್ನ್ ಸದ್ದು ಕಿವಿ ಕೊರೆಯಿತು. ಮರುಕ್ಷಣ ಹಳದಿ ದೀಪ ಹಿಂದೆ ಬಿತ್ತು.

"ಏನಂದೆ?" ಎಂದು ಕಾಯೊ ಕೇಳುವುದಕ್ಕೂ ಕಾರು ಮೆತ್ತಗೆ ಮೇಲೆದ್ದು ನಿಲ್ಲುವುದಕ್ಕೂ ಸರಿಹೋಯಿತು. ಯಾರೂ ತುಳಿಯದ ಹಿಮ ಅಲ್ಲಿ ಮೊಣಕಾಲುದ್ದ ಬಿದ್ದಿತ್ತು. ಎತ್ತರದ ಗಾಡಿಯಾಗಿದ್ದರೆ ಸೀಳಿಕೊಂಡು ಹೋಗುತ್ತಿತ್ತೋ ಏನೋ. ಇದು ಹೊಟ್ಟೆ ಊರಿ ಹಿಮದ ಮೇಲೆ ಕೂತುಬಿಟ್ಟಿತು. ಹಿಂದಿನ ಗಾಲಿಗಳು ಗಾಳಿಯಲ್ಲಿ ಗರಗರ ತಿರುಗಿದವು. ಇಲ್ಲಿನವರು ಇದಕ್ಕೆ ಕಾರು ಆಮೆಯಾಯಿತು ಎನ್ನುತ್ತಾರೆ. ಟೈರಿನ ಅಂಗಡಿಯಲ್ಲಿ ನಿಂತು ಆಮೆ ಮಾಡಿಕೊಂಡು ಬಂದ ಪಟ್ಟಣದವರನ್ನು ನೋಡಿ ಕಾಯೊ ಎಷ್ಟು ಸಲ ನಕ್ಕಿದ್ದಳೋ.

ಡಿಕ್ಕಿಯಲ್ಲಿ ಇದ್ದದ್ದು ಒಂದೇ ಸಲಿಕೆ. ಕಾಯೊ ಮೊದಲು ಹೊಗೆ ಕೊಳವೆಯ ಬಾಯಿ ಬಿಡಿಸಿ, ಆಮೇಲೆ ಬೋರಲು ಬಿದ್ದು ಕಾರಿನ ಹೊಟ್ಟೆಯಡಿ ತೋಡತೊಡಗಿದಳು. ಶಿಹೊ ಕಾಲಡಿಯ ರಬ್ಬರ್ ಹಾಸನ್ನೇ ಕಿತ್ತುಕೊಂಡು ಬಂದು ಇನ್ನೊಂದು ಮಗ್ಗುಲಲ್ಲಿ ಮಂಡಿಯೂರಿ ಹಿಮ ಬಳಿದಳು. ಶಾಲೆಯ ಲಂಗ, ಕಾಲುಚೀಲ ಎಲ್ಲ ಒದ್ದೆ.

"ನಿಮ್ಮಿಂದ ಆಗಿದ್ದು ಇದು!"

"ನಿನ್ನ ನಾಲಿಗೆಯಿಂದ!"

"ಬರಬಾರದಿತ್ತು ನಾನು!"

"ಬಾಯಿ ಮುಚ್ಕೊಂಡು ತೋಡೇ!"

ಅಷ್ಟರಲ್ಲಿ ಹಿಮದ ಲಾರಿ ಹಿಂದೆ ಬಂದು ನಿಂತಿತು. ಮೇಲಿನಿಂದ ಧುಮುಕಿದ ಡ್ರೈವರನ ಮುಖ ಬೀಟ್‌ರೂಟಿನಷ್ಟು ಕೆಂಪಗಾಗಿತ್ತು. "ಯಾವ ಗೂಬೆ ಇದು, ಸಾಯೋಕೆ ಬೇರೆ ದಿನ ಸಿಗ್ಲಿಲ್ವಾ..." ಎಂದವನು ಹತ್ತಿರ ಬಂದು ಕಣ್ಣು ಕಿರಿದು ಮಾಡಿದ. "ಟೈರಂಗಡಿ ಕಾಯೊ! ಊರಿಗೆಲ್ಲ ಬುದ್ಧಿ ಹೇಳೋ ಕಾಯೊ!"

"ಹೂಂ, ನಾನೇ. ಬೈಯೋದನ್ನ ಹಗ್ಗ ಕಟ್ಟಿದ ಮೇಲೆ ಬೈ."

"ನಿನ್ನ ಬಿಟ್ಟು ದಾಟಿ ಹೋಗೋಕೆ ಜಾಗ ಇಲ್ಲ, ಅದಕ್ಕೆ ಕಟ್ತಿದೀನಿ. ಜಾಗ ಇದ್ದಿದ್ರೆ ಮೇ ತಿಂಗಳವರೆಗೂ ಇಲ್ಲೇ ಬಿದ್ದಿರು ಅಂತಿದ್ದೆ." ಹಗ್ಗ ಕಟ್ಟುತ್ತ ಅವನು ಬೈದ, ಕಟ್ಟಿ ಬೈದ, ಹಿಂದಕ್ಕೆ ಎಳೆದು ಕಾರನ್ನು ಅಗಲದ ಜಾಗಕ್ಕೆ ತಂದು ಬಿಟ್ಟ ಮೇಲೆ ಇನ್ನೊಂದು ಸಲ ಬೈದ. ಅವನು ಆಡಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಕಾಯೊ ಘಾಟಿಯ ನೆತ್ತಿಯವರೆಗೆ ಲಾರಿಯ ಹಿಂದೆ ತಲೆ ತಗ್ಗಿಸಿಕೊಂಡು ಹತ್ತಿದಳು. ಹೋಗಬೇಕಾದ ಹೊತ್ತು ಹೋಗಿತ್ತು.

ನೆತ್ತಿಯಲ್ಲಿ ಲಾರಿ ತನ್ನ ಸರಹದ್ದು ಮುಗಿಸಿ ತಿರುಗಿಕೊಂಡಿತು. ಆಚೆಯ ಇಳಿಜಾರಿನ ಹಿಮವನ್ನು ಮೆಗುರಾ ಕಡೆಯವರು ಬೆಳಿಗ್ಗೆಯೇ ತಳ್ಳಿಹಾಕಿದ್ದರು. ಉಳಿದದ್ದನ್ನು ಗಾಳಿ ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿತ್ತು. ಬಿಳಿಗತ್ತಲು ಹರಿದು ಕೆಳಗೆ ಬಯಲು ಕಾಣಿಸಿತು.

"ಬೆಲ್ಟ್ ಸರಿಯಾಗಿ ಎಳ್ಕೊ," ಎಂದಳು ಕಾಯೊ.

ಆಮೇಲೆ ಅವಳು ಓಡಿಸಿದ್ದು ಸರೋವರದ ಮೇಲೆ ಓಡಿಸಿದ ಹಾಗೆ. ತಿರುವು ಬರುವ ಮೊದಲೇ ಕಾರಿನ ಮೂತಿಯನ್ನು ಎದುರು ದಿಕ್ಕಿಗೆ ಒಂದಿಷ್ಟು ತೋರಿಸಿ, ಆಕ್ಸಿಲರೇಟರಿನಿಂದ ಕಾಲೆತ್ತಿ, ಬಾಲ ಹೊರಗೆ ಬೀಸುತ್ತಿದ್ದಂತೆಯೇ ಮತ್ತೆ ಸವರಿ, ಸ್ಟಿಯರಿಂಗನ್ನು ಬಾಲ ಹೋದತ್ತಲೇ ತಿರುಗಿಸಿ ಹಿಡಿದಳು. ಕಾರು ಅಡ್ಡಲಾಗಿ, ಪಕ್ಕದ ಕಿಟಕಿಯಿಂದ ರಸ್ತೆ ನೋಡುತ್ತ, ಗುಂಡಗೆ ಜಾರಿತು. ಕಂದಕದ ಅಂಚು ಶಿಹೊಳ ಮೊಣಕೈಯ ಪಕ್ಕಕ್ಕೇ ಬಂದು ಹೋಯಿತು. ಮತ್ತೊಂದು ತಿರುವು, ಮತ್ತೊಂದು. ಕಾಯೊಳ ಮೈಯಲ್ಲಿದ್ದ ಸಿಟ್ಟೆಲ್ಲ ಬೆರಳುಗಳಿಗೆ ಇಳಿದು ಅಲ್ಲಿ ಒಳ್ಳೆಯ ಕೆಲಸಕ್ಕೆ ಬಂತು. ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಪಕ್ಕದಿಂದ ಒಂದು ಸದ್ದು ಕೇಳಿತು. ಹೆದರಿಕೆಯ ಚೀರು ಇರಬೇಕು ಎಂದುಕೊಂಡಳು. ಅಲ್ಲ, ಹುಡುಗಿ ನಗುತ್ತಿದ್ದಳು.

"ಹೇಗೆ ಮಾಡ್ತೀಯ ಅದನ್ನ?" ಎಂದಳು ಶಿಹೊ, 'ನೀವು' ಮರೆತು.

"ಹಳ್ಳ ನೋಡಬಾರದು. ಹೋಗ್ಬೇಕಾದ ಕಡೆ ನೋಡ್ಬೇಕು. ಕೈ ತಾನಾಗೇ ಹೋಗುತ್ತೆ."

"ಅಷ್ಟೇನಾ?"

"ಅಷ್ಟೇ. ಪರೀಕ್ಷೆ ಮುಗೀಲಿ, ಸರೋವರಕ್ಕೆ ಕರ್ಕೊಂಡ್ ಹೋಗಿ ಕಲಿಸ್ತೀನಿ."

ಹುಡುಗಿ ಹಳ್ಳ ಬಿಟ್ಟು ಮುಂದಿನ ತಿರುವಿನ ಕಡೆ ನೋಡತೊಡಗಿದಳು. ಕಾಯೊಗೆ ಅಷ್ಟೇ ಸಾಕಾಗಿತ್ತು. ಮೆಗುರಾ ಮುಟ್ಟುವವರೆಗೂ ಅವಳ ಎದೆ ಹಗುರವಾಗಿತ್ತು.

ಶಾಲೆಯಿದ್ದದ್ದು ಮುಂದೆ ದಾರಿಯಿಲ್ಲದ ಬೀದಿಯಲ್ಲಿ. ಗೇಟು ಮುಚ್ಚಿ ಇಪ್ಪತ್ತು ನಿಮಿಷವಾಗಿತ್ತು. ಗೇಟಿನ ಇಕ್ಕೆಲದಲ್ಲೂ ಆಳೆತ್ತರದ ಹಿಮದ ರಾಶಿ ಒಟ್ಟಿದ್ದರಿಂದ ಕಾಯೊ ಗೇಟು ದಾಟಿ ಹೋಗಿ, ರಾಶಿಯ ಮರೆಯಲ್ಲಿ ಕಾರು ನಿಲ್ಲಿಸಿದಳು. ಶಿಹೊಳ ಮುಖ ಮತ್ತೆ ಗೋಡೆಯಾಗಿತ್ತು.

"ಒದ್ದೆ ಕಾಲುಚೀಲ ಬದಲಾಯಿಸ್ಕೊ. ಅವನ ಹತ್ರ ನಾನು ಮಾತಾಡ್ತೀನಿ," ಎಂದು ಕಾಯೊ ಇಳಿದಳು.

ಗೇಟಿನಲ್ಲಿ ಹೊಳೆಯುವ ಪಟ್ಟಿಯ ಅಂಗಿ ತೊಟ್ಟ ಕಾವಲಿನವನಿದ್ದ. ಅವಳನ್ನು ಕಂಡು ಸೊಂಟದಿಂದ ಬಾಗಿದ. "ರೈಲು ನಿಂತಿದೆ ಅಂತ ಗೊತ್ತಾಗಿದೆ. ರೈಲಿನವರಿಗೆ ಬೇರೆ ಕೋಣೆ ಇಟ್ಟಿದಾರೆ. ತಾವು ಹೇಗೆ ಬಂದ್ರಿ?"

ರೈಲಿನಲ್ಲಿ ಎಂದಿದ್ದರೆ, ಚೀಟಿ ಬಿದ್ದುಹೋಯಿತು ಎಂದು ಒಂದು ಕಣ್ಣೀರು ಸುರಿಸಿದ್ದರೆ, ಏನಾಗುತ್ತಿತ್ತೋ. ಕಾಯೊಳ ಮೈಯಲ್ಲಿ ಇನ್ನೂ ಆ ಇಳಿಜಾರು ಕುಣಿಯುತ್ತಿತ್ತು.

"ಕಾರಲ್ಲಿ! ಘಾಟಿ ದಾಟಿ! ನಿಮ್ಮ ರೈಲಿಗೇ ಆಗದ ಹಿಮದಲ್ಲಿ ನನ್ನ ಮಗಳನ್ನ ಕರ್ಕೊಂಡು ಬಂದಿದೀನಿ. ಹಿಂದಿನ ಗಾಲಿ ಕಾರಲ್ಲಿ, ಗೊತ್ತಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾವಲಿನವನ ಮುಖದಲ್ಲಿದ್ದ ಮೆದುತನ ಆರಿತು. "ಕಾರಲ್ಲಿ ಬಂದವರಿಗೆ ಆಗಲ್ಲ. ಕ್ಷಮಿಸ್ಬೇಕು."

ಕಾಯೊ ವಾದಿಸಿದಳು, ಅವನು ಬಾಗಿದ. ಅವಳು ಬಾಯಿಗೆ ಬಂದಂತೆ ಬೈದಳು, ಅವನು ಇನ್ನೂ ಕೆಳಗೆ ಬಾಗಿದ. ಕೊನೆಗೆ ಅವಳೇ ಹಿಮಕ್ಕೆ ಹಣೆ ಹಚ್ಚುವಷ್ಟು ಬಾಗಿ ಬೇಡಿಕೊಂಡಾಗ ಅವನೂ ಅಷ್ಟೇ ಬಾಗಿ, "ದಯವಿಟ್ಟು ಹಾಗೆ ಮಾಡ್ಬೇಡಿ," ಎಂದ. ಗೇಟು ಮಾತ್ರ ತೆಗೆಯಲಿಲ್ಲ. ಹೊಡೆದಿದ್ದರೆ ತಿರುಗಿ ಹೊಡೆಯಬಹುದಿತ್ತು. ಬಾಗುವವನನ್ನು ಏನು ಮಾಡುವುದು?

ಕಾಯೊ ಕಾರಿಗೆ ವಾಪಸಾದಳು. ಬಾಗಿಲು ತೆಗೆಯಲು ಕೈ ಬರಲಿಲ್ಲ. ಮಗಳ ಒಂದು ವರ್ಷವನ್ನು ತಾನು ಘಾಟಿಯ ಮೇಲೆ ಚೆಲ್ಲಿ ಬಂದೆ ಎಂದು ಯಾವ ಬಾಯಿಂದ ಹೇಳುವುದು? ಹಾಗೆ ನಿಂತಿರುವಾಗಲೇ ಸ್ಟೇಷನ್ನಿನ ಕಡೆಯಿಂದ ಮಕ್ಕಳ ಗುಂಪೊಂದು ಹಿಮ ತುಳಿಯುತ್ತ ಬಂತು. ಕಮಿಶಿರಾದ ಒಲೆಯ ಸುತ್ತ ಕೂತಿದ್ದ ಮಕ್ಕಳು, ಅಮ್ಮಂದಿರು. ಇವರು ಹೊರಟ ಸ್ವಲ್ಪ ಹೊತ್ತಿಗೇ ಹಳಿ ತೆರವಾಗಿ ರೈಲು ಬಿಟ್ಟಿದ್ದರು. ಗುಂಪಿನ ಕೊನೆಯಲ್ಲಿದ್ದ ಮಿಚಿರು ಕೆಂಪು ಕಾರಿನ ಮೂತಿ ಕಂಡು ಹಿಮದ ರಾಶಿಯ ಹಿಂದೆ ಬಂದಳು.

"ಹಳ್ಳಕ್ಕೆ ಬಿದ್ರೆ ಫೋನ್ ಮಾಡಿ ಅಂದಿದ್ದೆ. ಬೀಳ್ದೇನೇ ಹಾಳು ಮಾಡಿದ್ರಲ್ಲ ಅಕ್ಕ."

"ಯಾಕೆ ಬಂದೆ? ನೋಡಿ ನಗೋಕಾ?"

"ನಗೋಕೆ ಪುರುಸೊತ್ತಿಲ್ಲ. ನೀವು ಹೊತ್ತಿಗೆ ತಲುಪಲ್ಲ ಅಂತ ಗೊತ್ತಿತ್ತು, ಅದಕ್ಕೇ ಬಂದೆ." ಕೈಗವಸಿನೊಳಗಿನಿಂದ ಮಡಿಸಿದ ಚೀಟಿ ತೆಗೆದಳು. "ಇಳಿದೋರಿಗೆಲ್ಲ ಕೊಡ್ತಿದ್ರು. ಇದರಲ್ಲಿ ಯಾರ ಹೆಸರೂ ಇರಲ್ಲ." ಕಾರಿನ ಗಾಜು ತಟ್ಟಿದಳು. "ಶಿಹೊ, ಇಳಿ. ನನ್ನ ಜೊತೆ ರೈಲಲ್ಲಿ ಬಂದಿದೀಯ."

"ಅವನಿಗೆ ಹೇಳ್ಬಿಟ್ಟೆ," ಎಂದಳು ಕಾಯೊ. "ಮಗಳನ್ನ ಕಾರಲ್ಲಿ ತಂದೆ ಅಂತ."

ಮಿಚಿರು ಒಂದು ಗಳಿಗೆ ಕಣ್ಣು ಮುಚ್ಚಿದಳು. "ಬಾಯೋ, ಬಚ್ಚಲೋ! ಸರಿ. ನೀವು ಇಲ್ಲೇ ಇರಿ. ನೀವು ಯಾರೋ, ನಾವು ಯಾರೋ. ಹಿಂದೆ ಮಾತ್ರ ಬರ್ಬೇಡಿ."

ಇಬ್ಬರೂ ಓಡಿಹೋಗಿ ಗುಂಪಿನ ಬಾಲ ಸೇರಿಕೊಂಡರು. ಕಾಯೊ ಅಲ್ಲೇ ಇರಬೇಕಿತ್ತು. ಇರಲಾಗಲಿಲ್ಲ. ಗೇಟು ತೆರೆಯುವುದನ್ನು ಕಣ್ಣಾರೆ ನೋಡಬೇಕೆನಿಸಿ ಹಿಮದ ರಾಶಿಯ ಅಂಚಿಗೆ ಬಂದು ನಿಂತಳು.

ಮಕ್ಕಳು ಒಬ್ಬೊಬ್ಬರಾಗಿ ಚೀಟಿ ಕೊಟ್ಟು ಒಳಗೆ ಹೋದರು. ಶಿಹೊಳ ಸರದಿ ಬಂದಾಗ ಕಾವಲಿನವನು ಅವಳ ಒದ್ದೆ ಲಂಗ ನೋಡಿದ. "ಮೊಣಕಾಲವರೆಗೆ ಹಿಮ ಹತ್ತಿದೆಯಲ್ಲ?"

"ಸ್ಟೇಷನ್ನಿಂದ ಬರ್ತಾ ಜಾರಿ ಬಿದ್ಲು," ಎಂದಳು ಮಿಚಿರು.

ಅವನು ಚೀಟಿ ಹಿಡಿದುಕೊಂಡೇ ತಲೆಯೆತ್ತಿದ. ಅವನ ಕಣ್ಣು ಅಂಚಿನಲ್ಲಿ ನಿಂತಿದ್ದ ಕಾಯೊಳ ಮೇಲೆ ಬಿತ್ತು. ಅವಳನ್ನು ನೋಡಿ, ಹುಡುಗಿಯನ್ನು ನೋಡಿ, ಮತ್ತೆ ಅವಳನ್ನು ನೋಡಿದ. ಮೂಗು, ಗಲ್ಲ ಎಲ್ಲ ಒಂದೇ ಅಚ್ಚು, ಯಾರಿಗಾದರೂ ಕಾಣುವಂಥದ್ದು. "ಅವರು ನಿಮ್ಮ ತಾಯಿನಾ?"

"ಅವರು ಯಾರೋ ನನಗೆ ಗೊತ್ತಿಲ್ಲ," ಎಂದಳು ಶಿಹೊ. ಮಿಚಿರುಳ ತೋಳು ಹಿಡಿದುಕೊಂಡಳು. "ನಮ್ಮಮ್ಮ ಇವರು."

ಎಲ್ಲೂ ತಡವರಿಸಲಿಲ್ಲ. ಮಿಚಿರು ಕೂಡ ಬೆಚ್ಚಿ ಅವಳ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಆ ಹುಡುಗಿ ಅವಳನ್ನು ಅಮ್ಮ ಎಂದಿರಲಿಲ್ಲ.

ಕಾವಲಿನವನಿಗೆ ಇನ್ನೂ ಸಮಾಧಾನವಾಗಲಿಲ್ಲ. ಅವನು ದೊಡ್ಡ ದನಿಯಲ್ಲಿ ಕೇಳಿದ, "ಮೇಡಂ, ಮಗಳನ್ನ ಕರ್ಕೊಂಡು ಬಂದೆ ಅಂದ್ರಲ್ಲ, ಈ ಹುಡುಗಿನಾ?"

ನನ್ನ ಮಗಳು ಎಂದು ಊರೆಲ್ಲ ಜಗಳವಾಡಿದ ಬಾಯಿ ಕಾಯೊಳದು. ನ್ಯಾಯಾಲಯದಲ್ಲಿ, ಬಾಗಿಲಲ್ಲಿ, ಇವತ್ತು ಬೆಳಿಗ್ಗೆ ಒಲೆಯ ಮುಂದೆ ಕೂಡ ಬಿಟ್ಟುಕೊಟ್ಟಿರಲಿಲ್ಲ.

"ಅಲ್ಲ," ಎಂದಳು. ದನಿ ಸಾಲದೆಂದು ಮತ್ತೆ ಗಟ್ಟಿಯಾಗಿ ಹೇಳಿದಳು. "ಈ ಹುಡುಗಿನ ನಾನು ನೋಡೇ ಇಲ್ಲ. ನನ್ನ ಮಗಳು ಕಾರಲ್ಲಿ ಅಳ್ತಾ ಕೂತಿದಾಳೆ. ಎಲ್ಲ ನಿಮ್ಮ ದಯೆ."

ಅವನು ತಲೆ ಬಾಗಿಸಿ ಶಿಹೊಳನ್ನು ಒಳಗೆ ಬಿಟ್ಟ. ಅವಳು ಓಡುತ್ತ ಹೋದಳು. ತಿರುಗಿ ನೋಡಬೇಡ, ನೋಡಿದರೆ ಕೆಡುತ್ತೀಯ ಎಂದು ಕಾಯೊ ಮನಸ್ಸಿನಲ್ಲೇ ಗದರಿದಳು. ಅವಳು ತಿರುಗಿ ನೋಡಲೂ ಇಲ್ಲ. ನೋಡದೆ ಹೋದಳಲ್ಲ ಎಂದು ಮೈಯೆಲ್ಲ ಉರಿಯಿತು. ಮಿಚಿರು ಗೇಟಿನ ಕಂಬಕ್ಕೆ ಆತುಕೊಂಡು ನಿಂತಿದ್ದಳು, ಈ ಕಡೆ ನೋಡಲಿಲ್ಲ.

"ಮೇಡಂ," ಎಂದ ಕಾವಲಿನವನು, ಈಗ ದನಿ ಇಳಿಸಿ. "ನಿಮ್ಮ ಮಗಳಿಗೆ ಸಮಾಧಾನ ಹೇಳಿ. ಮುಂದಿನ ವರ್ಷ ಬರ್ಲಿ."

ಬೀದಿ ಮುಂದಕ್ಕೆ ಹೋಗದು. ವಾಪಸು ಹೋಗಬೇಕೆಂದರೆ ಗೇಟಿನ ಮುಂದೆಯೇ ಹಾಯಬೇಕು. ಕಾಯೊ ಕಾರು ಹತ್ತಿ, ಹಿಂದೆ ಮುಂದೆ ಮಾಡಿ ತಿರುಗಿಸಿದಳು. ಪಕ್ಕದ ಗಾಜಿನ ಮೇಲೆ ಹಬೆ ಹೆಪ್ಪುಗಟ್ಟಿತ್ತು, ಅದನ್ನು ಒರೆಸಲಿಲ್ಲ. ಗೇಟು ಹತ್ತಿರವಾಯಿತು. ಕಾವಲಿನವನು ಕಾರನ್ನೇ ನೋಡುತ್ತ ನಿಂತಿದ್ದ.

ಕಾಯೊ ಪಕ್ಕದ ಖಾಲಿ ಸೀಟಿನ ಕಡೆ ತಿರುಗಿದಳು. "ಅಳ್ಬೇಡ ಸುಮ್ನಿರೇ," ಎಂದಳು. ಹೊರಗೆ ಅವನಿಗೂ ಕೇಳಲಿ ಎಂದು ಇನ್ನೂ ಜೋರಾಗಿ, ಕೈ ಬೀಸಿ ಬೈದಳು. "ನಿನ್ನ ನಾಲಿಗೆಯಿಂದಾನೇ ಆಗಿದ್ದು ಇದೆಲ್ಲ. ಹೇಳಿದ್ದೆ ತಾನೇ, ಲಾರಿ ದಾಟಬಾರದು ಅಂತ! ಬೆಲ್ಟ್ ಹಾಕ್ಕೊ. ಹೇಳಿದ್ದು ಕೇಳಿಸ್ತಾ? ಬೆಲ್ಟ್ ಹಾಕ್ಕೊ ಮೊದ್ಲು."

ಕಾವಲಿನವನು ಆ ಸೀಟಿನ ಕಡೆಗೇ ಸೊಂಟ ಬಗ್ಗಿಸಿ ನಿಂತ. ಕಾರು ಗೇಟು ದಾಟಿತು, ಸ್ಟೇಷನ್ನು ದಾಟಿತು. ಘಾಟಿಯ ಏರು ಹತ್ತುವಾಗಲೂ ಕಾಯೊ ಬೈಯುತ್ತಲೇ ಇದ್ದಳು.